ಮಳೆ ನಿಲ್ಲಲೆಂದು ಕಾಯಬೇಡಿ



ಯಾದಗಿರಿ, ಶಹಾಪುರ, ಸುರಪುರ ಕಡೆಯ ನಮ್ಮ ಮನೆಗಳಿಗೆ ಮಂಗಳೂರು ಈಗ ಅಪರಿಚಿತ ಊರಾಗಿ ಉಳಿದಿಲ್ಲ. ಒಬ್ಬರ ಮಗಳು ಅಲ್ಲಿ ನರ್ಸಿಂಗ್ ಓದುತ್ತಾಳೆ. ಇನ್ನೊಬ್ಬರ ತಮ್ಮ ಕಟ್ಟಡದ ಕೆಲಸಕ್ಕೆಂದು ಹೋಗಿ ಅಲ್ಲೇ ನಿಂತಿದ್ದಾನೆ. ಮತ್ತೊಬ್ಬರ ಮಾವನವರಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ. ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೋಗುವವರು ಹೊರಡುವುದಂತೂ ಜೂನ್, ಜುಲೈಯಲ್ಲೇ. ಅಂದರೆ ಸುರಿಯುವ ಮಳೆಯಲ್ಲಿ. ಹೋಗಿ ಬಂದವರನ್ನು "ಏನು ನೋಡಿದಿರಿ?" ಎಂದು ಕೇಳಿ ನೋಡಿ. "ಮಳೆ ನೋಡಿದೆವು" ಎನ್ನುತ್ತಾರೆ.

2022ರ ಜುಲೈಯಲ್ಲಿ ನಾನೂ ಇದೇ ಉತ್ತರ ಕೊಟ್ಟವಳು. ಹಿರಿಯ ಮಗಳನ್ನು ಅಲ್ಲಿಯ ಕಾಲೇಜೊಂದಕ್ಕೆ ಸೇರಿಸಲು ನಾನು, ನಮ್ಮವರು ಮತ್ತು ಅತ್ತೆ ಹೋಗಿದ್ದೆವು. ಅಡ್ಮಿಷನ್ ಕೆಲಸ ಮೊದಲ ದಿನವೇ ಮುಗಿಯಿತು. ಹಾಸ್ಟೆಲ್ ತೆರೆಯಲು ಇನ್ನೂ ಮೂರು ದಿನವಿತ್ತು. ಆ ಮೂರು ದಿನಗಳನ್ನೂ ನಾವು ಲಾಡ್ಜಿನ ಕಿಟಕಿಯ ಬಳಿ ಕುಳಿತು ಕಳೆದೆವು. ಅತ್ತೆ ಗಂಟೆಗೊಮ್ಮೆ ಪರದೆ ಸರಿಸಿ ಹೊರಗೆ ನೋಡಿ, "ಮಳಿ ನಿಂದ್ರಲಿ, ಆಮ್ಯಾಲ ಹೋಗಮು" ಎನ್ನುತ್ತಿದ್ದರು. ಅದು ನಮ್ಮ ಊರಿನ ಲೆಕ್ಕ. ನಮ್ಮಲ್ಲಿ ಮಳೆ ಬಂತೆಂದರೆ ಒಂದು ತಾಸು ಹೊಡೆದು ನಿಲ್ಲುತ್ತದೆ, ಜನ ಮತ್ತೆ ಹೊರಗೆ ಬರುತ್ತಾರೆ. ನಾಲ್ಕನೆಯ ದಿನ ಬೆಳಿಗ್ಗೆ ನಾವು ಗಂಟು ಕಟ್ಟುತ್ತಿರುವಾಗ ಕೋಣೆ ಗುಡಿಸಲು ಬಂದ ಹೆಂಗಸು ನಕ್ಕುಬಿಟ್ಟರು. "ಮಳೆ ನಿಲ್ಲುವುದು ಚೌತಿ ಕಳೆದ ಮೇಲೆ. ಅಲ್ಲಿವರೆಗೆ ಕೂತುಕೊಳ್ಳುವುದಾ? ಕೊಡೆ ಉಂಟಲ್ಲ ನಿಮ್ಮ ಹತ್ರ?"

ಛತ್ರಿ ನಮ್ಮ ಬಳಿ ಎರಡಿದ್ದವು.

ಎಪ್ಪತ್ತು ದಾಟಿದ ಅತ್ತೆ ಅದುವರೆಗೆ ಸಮುದ್ರ ಕಂಡಿರಲಿಲ್ಲ. ಸಮುದ್ರದ ಊರಿನಲ್ಲಿ ನಾಲ್ಕು ದಿನವಿದ್ದೂ ಕಾಣದೆ ಬಂದರು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಮರುವರ್ಷ ಜುಲೈಯಲ್ಲಿ ನಾನು ತಂಗಿ ಮತ್ತು ಅವಳ ಇಬ್ಬರು ಮಕ್ಕಳನ್ನು ಕರೆದುಕೊಂಡು ಪುನಃ ಹೋದೆ, ಮತ್ತು ಈ ಸಲ ಮಳೆಯಲ್ಲೇ ತಿರುಗಿದೆ. ಅಲ್ಲಿ ಕಲಿತದ್ದನ್ನು, ಮುಂದಿನ ಮಳೆಗಾಲದಲ್ಲಿ ಹೊರಡಲಿರುವ ನಿಮಗೆ ಹೇಳುತ್ತಿದ್ದೇನೆ.

ಆ ಮಳೆ ಬೇರೆ

ನಮ್ಮ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಏಳೆಂಟು ನೂರು ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ವರ್ಷದ ಲೆಕ್ಕ ಮೂರೂವರೆ ಸಾವಿರ ದಾಟುತ್ತದೆ. ಅರಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತಾ ತಣ್ಣಗಾಗಿ ಹೊತ್ತದ್ದನ್ನೆಲ್ಲ ಆ ಬದಿಯಲ್ಲೇ ಸುರಿಸಿಬಿಡುತ್ತದೆ. ಘಟ್ಟ ದಾಟಿ ನಮ್ಮ ಕಡೆ ಬರುವಾಗ ಅದರ ಕೈ ಹೆಚ್ಚುಕಡಿಮೆ ಖಾಲಿ. ಮಿರಗದ ಮಳೆ ಬಂತೇ, ಹೆಸರು ಬಿತ್ತಬಹುದೇ, ತೊಗರಿಗೆ ಹದವಾಯಿತೇ ಎಂದು ನಾವು ಆಕಾಶ ನೋಡುತ್ತಿರುವ ದಿನಗಳಲ್ಲಿ ಅಲ್ಲಿಯ ಶಾಲೆಗಳಿಗೆ "ಇಂದು ಮಳೆ, ರಜೆ" ಎಂದು ಜಿಲ್ಲಾಧಿಕಾರಿಗಳ ಆದೇಶ ಬರುತ್ತಿರುತ್ತದೆ.

ನಮಗೆ ಮಳೆಗಾಲ ಬೇರೆ, ಚಳಿಗಾಲ ಬೇರೆ. ಕರಾವಳಿಯವರಿಗೆ ಡಿಸೆಂಬರಿನಲ್ಲೂ ಹಗಲು ಬೆವರು ಇಳಿಯುತ್ತದೆ. ಕಂಬಳಿ ಹೊದ್ದು ಬಿಸಿ ಚಹಾ ಕುಡಿಯುವ ಅವರ ಚಳಿಗಾಲವೆಂದರೆ ಈ ಮಳೆಗಾಲವೇ. ಆದ್ದರಿಂದ ಮಳೆಯಲ್ಲಿ ಊರು ಮಲಗುವುದಿಲ್ಲ. ಬಸ್ಸು ಓಡುತ್ತದೆ, ಅಂಗಡಿ ತೆರೆದಿರುತ್ತದೆ, ಹೆಂಗಸರು ಕೊಡೆ ಹಿಡಿದು ಬ್ಯಾಂಕಿಗೆ, ಮಾರ್ಕೆಟಿಗೆ, ಮದುವೆಗೆ ಹೋಗುತ್ತಾರೆ.

ಹೊರಡುವ ಮುನ್ನ

ಬುರ್ಖಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ನಾವು ಹಬ್ಬಕ್ಕೆ ಉಡುವ ಕಸೂತಿಯ ಭಾರವಾದ ಬುರ್ಖಾ ಅಲ್ಲಿ ಒಂದೇ ಸಲ ನೆನೆದರೆ ಸಾಕು, ಮೂರು ದಿನ ಒಣಗುವುದಿಲ್ಲ. ಅಂಚು ಕೆಸರು ಹೀರಿಕೊಂಡು ಕಾಲಿಗೆ ಅಂಟುತ್ತದೆ. ಬೇಗ ಒಣಗುವ ತೆಳ್ಳನೆಯ ಬಟ್ಟೆಯ ಎರಡು ಬುರ್ಖಾ ಇರಲಿ, ಉದ್ದ ಪಾದದಿಂದ ಎರಡು ಬೆರಳು ಮೇಲಿರಲಿ. ಚರ್ಮದ ಚಪ್ಪಲಿ ಬೇಡವೇ ಬೇಡ. ಬಟ್ಟೆ ಒಣಗಿಸಲು ಒಂದು ಹಗ್ಗ, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ, ನೀರು ತಾಗಿದರೂ ಒರೆಸಿಕೊಳ್ಳಬಹುದಾದ ಪ್ಲಾಸ್ಟಿಕ್ ಜಾನಮಾಝ್ ಇಟ್ಟುಕೊಳ್ಳಿ. ಸೊಳ್ಳೆಯ ಬಗ್ಗೆ ಎಚ್ಚರವಿರಲಿ, ಮಲೇರಿಯಾಕ್ಕೆ ಮಂಗಳೂರು ಬಹಳ ಕಾಲ ಹೆಸರಾಗಿದ್ದ ಊರು. ಮಕ್ಕಳಿಗೆ ಪೂರ್ಣ ತೋಳಿನ ಅಂಗಿ ಹಾಕಿಸಿ.

ನಮ್ಮ ಖಡಕ್ ರೊಟ್ಟಿಯ ಗತಿಯನ್ನೂ ಹೇಳಬೇಕು. ಊರಲ್ಲಿ ತಿಂಗಳಿಟ್ಟರೂ ಕಟುಕ್ ಎನ್ನುವ ರೊಟ್ಟಿ ಅಲ್ಲಿಯ ತೇವಕ್ಕೆ ಎರಡೇ ದಿನದಲ್ಲಿ ಬಟ್ಟೆಯ ಹಾಗೆ ಮಡಚತೊಡಗಿತು, ಮೂರನೆಯ ದಿನ ಬೂಷ್ಟು ಹಿಡಿಯಿತು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಇದ್ದರೆ ಮಾತ್ರ ಒಯ್ಯಿರಿ.

ಸುಮಾರು ಆರುನೂರು ಕಿಲೋಮೀಟರ್ ದಾರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಮಗೆ ಟಿಕೆಟ್ ಹಣವಿಲ್ಲ. ಆಧಾರ್ ಕಾರ್ಡ್ ಕೈಚೀಲದಲ್ಲಿರಲಿ. ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಮಂಗಳೂರು ನಗರದೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ತಂಗಿ ಅಲ್ಲಿಯೂ ಆಧಾರ್ ತೋರಿಸಿದಾಗ ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, "ಫೋಟೋ ಚಂದ ಉಂಟು, ಚಿಲ್ಲರೆ ಕೊಡಿ" ಎಂದ! ಇನ್ನೊಂದು ಮಾತು. ಅಲ್ಲಿ "ಸ್ಟೇಟ್ ಬ್ಯಾಂಕ್" ಎಂದರೆ ಬ್ಯಾಂಕಲ್ಲ, ನಗರದ ಬಸ್ಸುಗಳೆಲ್ಲ ಸೇರುವ ನಿಲ್ದಾಣ. ದಾರಿ ತಪ್ಪಿದರೆ ಆ ಹೆಸರು ಹೇಳಿದರೆ ಸಾಕು.

ಘಟ್ಟದ ವಿಷಯದಲ್ಲಿ ಮಾತ್ರ ಹಗುರ ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು ಜೀವಗಳು ಹೋದವು. ಹುಬ್ಬಳ್ಳಿ ಮೇಲಿಂದ ಕರಾವಳಿಗಿಳಿಯುವ ನಮ್ಮಂಥವರು ಹಾದುಹೋಗುವ ದಾರಿ ಅದು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಹೊರಡುವ ಹಿಂದಿನ ರಾತ್ರಿ ವಾರ್ತೆ ಕೇಳಿ. ರೆಡ್ ಅಲರ್ಟ್ ಇದ್ದರೆ ಒಂದು ದಿನ ಮುಂದೂಡಿ. ಮನೆಯಲ್ಲಿ ಯಾರಾದರೂ "ಟಿಕೆಟ್ ದಂಡ" ಎಂದು ಗೊಣಗಿದರೆ ಗೊಣಗಲಿ.

ಮಳೆಯಲ್ಲೇ ನೋಡಬೇಕಾದವು

ಮೊದಲ ದಿನವನ್ನು ಪಿಲಿಕುಳಕ್ಕೆ ಕೊಡಿ. ನಗರದ ಹೊರಗೆ, ವಾಮಂಜೂರಿನ ಬಳಿ ಡಾ. ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ ಅದು. ಹುಲಿ, ಚಿರತೆ, ಹಾವುಗಳ ಮೃಗಾಲಯವಿದೆ. ಆದರೆ ಮಳೆಗೆ ಹೇಳಿಮಾಡಿಸಿದ್ದು ವಿಜ್ಞಾನ ಕೇಂದ್ರ ಮತ್ತು 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯ. ಹೊರಗೆ ಮೋಡ ಕವಿದು ಹಗಲೇ ಕತ್ತಲಾಗಿರುವಾಗ ಒಳಗೆ ಗುಮ್ಮಟದ ತುಂಬ ನಕ್ಷತ್ರ. ತಂಗಿಯ ಕಿರಿಯ ಮಗಳು ಎರಡು ಸಲ ನೋಡಬೇಕೆಂದು ಹಟ ಹಿಡಿದಳು. ಶಾಲೆಯಲ್ಲಿ ನಾನು ಗ್ರಹಣದ ಪಾಠವನ್ನು ಚೆಂಡು ಮತ್ತು ಟಾರ್ಚ್ ಹಿಡಿದು ಕಲಿಸುವವಳು. ಅಲ್ಲಿ ನಾನೇ ವಿದ್ಯಾರ್ಥಿನಿಯಾದೆ. ವಾರದ ರಜೆ ಯಾವತ್ತೆಂದು ವಿಚಾರಿಸಿಕೊಂಡೇ ಹೋಗಿ, ದೂರದ ಊರಿನಿಂದ ಬಂದು ಮುಚ್ಚಿದ ಗೇಟು ನೋಡುವುದು ಬೇಸರದ ಸಂಗತಿ.

ನಗರದೊಳಗೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಛಾವಣಿಗಳಲ್ಲಿ ಇಟಲಿಯ ಅಂತೋನಿಯೊ ಮೊಸ್ಕೆನಿ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಚಿತ್ರಗಳಿವೆ. ಕರಾವಳಿಯ ತೇವ ಅವನ್ನೂ ಬಿಟ್ಟಿರಲಿಲ್ಲ, 1990ರ ದಶಕದಲ್ಲಿ ತಜ್ಞರು ದುರಸ್ತಿ ಮಾಡಿದರು. ಪಕ್ಕದಲ್ಲೇ 1913ರಲ್ಲಿ ಆರಂಭವಾದ ಕಾಲೇಜಿನ ವಸ್ತು ಸಂಗ್ರಹಾಲಯವಿದೆ. ಬಿಜೈಯಲ್ಲಿ ಹಡಗಿನ ಆಕಾರದ ಕಟ್ಟಡದಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತು ಸಂಗ್ರಹಾಲಯ. ತಾಯಿಯ ನೆನಪಿಗೆ ಮಗನೊಬ್ಬ ಬಿಟ್ಟುಕೊಟ್ಟ ಮನೆ ಅದು.

ಕನ್ನಡ ಕಲಿಸುವ, ಕಲಿಯುವ ಯಾರೇ ಇರಲಿ, ಬಲ್ಮಠದ ರಸ್ತೆಯಲ್ಲಿ ಒಂದು ಸುತ್ತು ಹಾಕಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರ ಜುಲೈ 1ರಂದು, ಬಹುಶಃ ಇಂಥದೇ ಮಳೆಯಲ್ಲಿ. ಅದನ್ನು ಹೊರಡಿಸಿದ ಮೋಗ್ಲಿಂಗ್ ಬಾಸೆಲ್ ಮಿಶನ್‌ನವರು. ಕಿಟ್ಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಊರಿನಲ್ಲಿ. ಆ ಮಿಶನ್‌ನವರೇ 1860ರ ದಶಕದಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅಲ್ಲಿಯ ಮನೆಗಳನ್ನು ಮಳೆಯಲ್ಲೇ ನಿಂತು ನೋಡಿ. ಕಡಿದಾದ ಇಳಿಜಾರು, ಕೆಂಪು ಹಂಚು, ಗೋಡೆ ನೆನೆಯದಂತೆ ಮುಂದಕ್ಕೆ ಚಾಚಿದ ಮಾಡು. ನಮ್ಮ ಮಣ್ಣಿನ ಮಾಳಿಗೆ, ಶಹಾಬಾದ್ ಫರಸಿಯ ಛತ್ತು ಆ ಊರಿನಲ್ಲಿ ಒಂದು ವಾರ ತಡೆಯಲಾರದು. ಆ ಹಂಚಿನ ಮನೆ ನಮ್ಮ ಬಿಸಿಲಿಗೆ ಹೇಗಿರುತ್ತಿತ್ತೋ ಎಂದು ತಂಗಿ ಕೇಳಿದಳು. ನನಗೂ ಗೊತ್ತಿಲ್ಲ.

ಬೋಳೂರಿನ ಸುಲ್ತಾನ್ ಬತ್ತೇರಿಗೆ ಮಳೆ ಸ್ವಲ್ಪ ಇಳಿದಾಗ ಹೋಗಿ. ಹೊಳೆಯ ಬಾಯಿಂದ ಯುದ್ಧನೌಕೆಗಳು ಒಳನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಬುರುಜು ಅದು. ಯಾದಗಿರಿಯ ಕೋಟೆ ಹತ್ತಿದವರಿಗೆ ಚಿಕ್ಕದಾಗಿ ಕಾಣಬಹುದು. ಆದರೆ ಕೋವಿಯ ಕಿಂಡಿಯಿಂದ ಇಣುಕಿದರೆ ಮಳೆಯೊಳಗೆ ಹೊಳೆ, ಹೊಳೆಯಾಚೆ ತಣ್ಣೀರುಬಾವಿಯ ಮರಳದಿಣ್ಣೆ, ಅದರಾಚೆ ಸಮುದ್ರದ ಮೊರೆತ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ವಯಸ್ಸಾದವರು ಕೆಳಗೇ ನಿಲ್ಲಲಿ.

ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ ಮಾಲಿಕ್ ದೀನಾರ್‌ರವರ ಕಾಲದ್ದೆಂಬ ಪ್ರತೀತಿಯಿದೆ. ಟಿಪ್ಪು ಅದನ್ನು ನವೀಕರಿಸಿದರೆಂದು ಹೇಳುತ್ತಾರೆ. ನಮ್ಮ ಕಡೆಯ ಕಲ್ಲಿನ ಗುಮ್ಮಟದ ಮಸೀದಿಗಳನ್ನೇ ಕಂಡವರಿಗೆ ಕೆತ್ತನೆಯ ಮರದ ಕಂಬಗಳು ಹೊಸದು. ಹೆಂಗಸರಿಗೆ ಎಲ್ಲಿಯವರೆಗೆ ಅವಕಾಶವಿದೆಯೆಂದು ಅಲ್ಲಿಯವರನ್ನು ಕೇಳಿ. ದಿನವಿಡೀ ತಿರುಗಾಡುವಾಗ ನಮಾಝ್‌ಗೆ ಜಾಗ ಹುಡುಕುವುದು ನಮ್ಮ ದೊಡ್ಡ ಚಿಂತೆಯಲ್ಲವೇ? ಪ್ರಯಾಣಿಕರಿಗೆ ಶರೀಅತ್ ಕೊಟ್ಟಿರುವ ಕಸರ್‌ನ ರಿಯಾಯಿತಿಯನ್ನು ತಿಳಿದುಕೊಂಡು ಹೊರಟರೆ ಅರ್ಧ ಗಡಿಬಿಡಿ ಕಡಿಮೆಯಾಗುತ್ತದೆ.

ಅಲ್ಲಿಂದ ದಕ್ಕೆ ದೂರವಿಲ್ಲ. ಮಳೆಗಾಲ ಮೀನಿನ ಸಂತಾನದ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನೂರಾರು ದೋಣಿಗಳು ಒಂದಕ್ಕೊಂದು ಭುಜ ತಾಗಿಸಿ ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತವೆ, ಟಾರ್ಪಾಲಿನ ಕೆಳಗೆ ಬಲೆ ಹೊಲಿಯುವ ಕೆಲಸ ನಡೆಯುತ್ತದೆ. ಸಮುದ್ರದ ಊರಿನಲ್ಲಿ ಮೀನು ಅಗ್ಗವಿರಬೇಕೆಂದು ನಾವು ಚೌಕಾಸಿ ಮಾಡಲು ಹೋದೆವು. ಆ ದಿನಗಳಲ್ಲಿ ಅಲ್ಲಿಯೇ ಮೀನು ದುಬಾರಿ! ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಆ ಕಡೆಯ ಮೀನು ಐಸಿನಲ್ಲಿ ಬರುತ್ತದೆ. ಕಡಲು ಸ್ವಲ್ಪ ಸುಮ್ಮನಿದ್ದ ದಿನ ನಾಡದೋಣಿಯವರು ತಂದ ಮೀನು ಸಿಕ್ಕರೆ ಅದೃಷ್ಟ.

ಮೀನಿಲ್ಲದಿದ್ದರೂ ಹಸಿದು ಬರಬೇಕಾಗಿಲ್ಲ. ಜುಲೈ ಮಧ್ಯದಿಂದ ಅಲ್ಲಿಯವರಿಗೆ ಆಟಿ ತಿಂಗಳು. ಹೊಲದ ಕೆಲಸವಿಲ್ಲದೆ, ಕಡಲ ದುಡಿಮೆಯಿಲ್ಲದೆ ಕಷ್ಟದಲ್ಲಿ ಕಳೆಯುತ್ತಿದ್ದ ತಿಂಗಳಂತೆ ಅದು. ಕೆಸುವಿನೆಲೆಯ ಪತ್ರೊಡೆ, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಹಲಸಿನ ಬೀಜ ಹೀಗೆ ಮಳೆಯಲ್ಲಿ ಹಿತ್ತಲು ಕೊಟ್ಟದ್ದರಿಂದಲೇ ಅಲ್ಲಿಯ ಹೆಂಗಸರು ಒಂದು ಅಡುಗೆಯ ಲೋಕವನ್ನೇ ಕಟ್ಟಿದ್ದಾರೆ. ಈಗ ಅವು ಹೊಟೇಲುಗಳಲ್ಲಿ ವಿಶೇಷ ತಿನಿಸುಗಳಾಗಿವೆ. ಸಂಜೆ ಬಿಸಿ ಗೋಳಿಬಜೆ ತಿನ್ನಿ. ನಮ್ಮ ಮಿರ್ಚಿ ಭಜಿಯ ಮುಂದೆ ಅದು ಸಪ್ಪೆ ಎನ್ನುವುದು ನನ್ನ ಅಭಿಪ್ರಾಯ, ಮಗಳು ಒಪ್ಪುವುದಿಲ್ಲ.

ಉಳ್ಳಾಲದ ಮನೆಯಲ್ಲಿ

ಮಗಳ ಹಾಸ್ಟೆಲ್ ಗೆಳತಿಯ ಮನೆ ಉಳ್ಳಾಲದಲ್ಲಿ. ಒಂದು ಮಧ್ಯಾಹ್ನ ಅಲ್ಲಿ ಊಟಕ್ಕೆ ಹೋದೆವು. ಅವರ ಮನೆಮಾತು ಬ್ಯಾರಿ, ನಮ್ಮದು ದಖ್ಖಣಿ ಉರ್ದು. ಆ ತಾಯಿ ಆಡಿದ್ದು ನಮಗೆ ಒಂದಕ್ಷರ ತಿಳಿಯದು, ನಮ್ಮ "ಕೈಕು, ನಕ್ಕೋ" ಅವರಿಗೆ ತಿಳಿಯದು. ಸಲಾಮ್ ಮುಗಿದ ಮೇಲೆ ಎರಡು ನಿಮಿಷ ಬರೀ ನಗು. ಆಮೇಲೆ ಕನ್ನಡ ಬಂತು. ಅವರದು "ಉಂಟು, ಇಲ್ಲ" ಕನ್ನಡ, ನಮ್ಮದು "ಅದ, ಇಲ್ಲ" ಕನ್ನಡ. ಎರಡು ಗಂಟೆ ಮಾತು ನಿಲ್ಲಲಿಲ್ಲ. ಅವರು ಮಂಗಳೂರನ್ನು ಮೈಕಾಲ ಎನ್ನುತ್ತಾರೆಂದು ಅಲ್ಲೇ ತಿಳಿಯಿತು. ತೆಂಗಿನಹಾಲಿನ ಕೋಳಿ ಸಾರಿಗೆ ಅಕ್ಕಿ ರೊಟ್ಟಿ ಅವರದಾದರೆ, ಡಬ್ಬಿಯಲ್ಲಿ ಹೇಗೋ ಉಳಿದಿದ್ದ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ನಮ್ಮದು. ಆ ಮನೆಯ ಮಕ್ಕಳು ಅದನ್ನು ಹಪ್ಪಳವೆಂದು ಮುರಿದು ತಿಂದರು. ನೀವು ಹೋದಾಗ ಮಗಳ ಗೆಳತಿಯರ ಮನೆಗೆ ಒಂದು ಸಲ ಹೋಗಿಬನ್ನಿ. ಮಗಳು ದೂರದ ಊರಿನಲ್ಲಿ ಯಾರ ನಡುವೆ ಇದ್ದಾಳೆಂದು ಫೋನಿನಲ್ಲಿ ಎಷ್ಟು ಕೇಳಿದರೂ ತಿಳಿಯುವುದಿಲ್ಲ.

ಊಟವಾದ ಮೇಲೆ ಸಮುದ್ರ ನೋಡಲು ಹೊರಟೆವು. ಆ ತಾಯಿ ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದರು, "ದೂರದಿಂದ ನೋಡಿ. ಕಲ್ಲಿನ ಮೇಲೆ ಹತ್ತಬೇಡಿ." ಅವರ ಮಾತಿನ ತೂಕ ನಮಗೆ ಆಗ ತಿಳಿದಿರಲಿಲ್ಲ. ತಂಗಿಯ ಹಿರಿಯ ಮಗನಿಗೆ ಹದಿನಾರು ವರ್ಷ. ಸುರಪುರದ ಬಾವಿ, ಕಾಲುವೆಗಳಲ್ಲಿ ಈಜು ಕಲಿತ ಹುಡುಗ. ಫೋಟೋಗೆಂದು ತಡೆಗೋಡೆಯ ಬಂಡೆಗಳ ಮೇಲೆ ಇಳಿದ. ಅಲೆ ಇನ್ನೂ ಎಷ್ಟೋ ದೂರವಿದ್ದಂತೆ ಕಂಡಿತು. ಮರುಕ್ಷಣ ಅವನಿದ್ದ ಕಡೆ ಬರೀ ಬಿಳಿ ನೊರೆ. ನನ್ನ ಎದೆ ನಿಂತೇ ಹೋಯಿತು. ನೊರೆ ಇಳಿದಾಗ ಅವನು ಬಂಡೆಯನ್ನು ತಬ್ಬಿ ಕುಳಿತಿದ್ದ, ಮೊಣಕಾಲು ಕಿತ್ತು ರಕ್ತ ಸೋರುತ್ತಿತ್ತು, ಮೊಬೈಲ್ ಹೋಗಿತ್ತು. ಎಲ್ಲಿಂದಲೋ ಓಡಿಬಂದ ಮೀನುಗಾರರೊಬ್ಬರು ಅವನ ಕೈ ಹಿಡಿದು ಮೇಲೆಳೆದು, ಚೆನ್ನಾಗಿ ಬೈದರು. ಬೈಗುಳ ತುಳುವಿನಲ್ಲಿತ್ತು, ಅರ್ಥ ಮಾತ್ರ ಎಲ್ಲರಿಗೂ ಆಯಿತು. ಬಾವಿಯ ನೀರು ನಿಂತಲ್ಲೇ ನಿಲ್ಲುತ್ತದೆ. ಮಳೆಗಾಲದ ಕಡಲು ಮೇಲೆ ತಳ್ಳಿದ್ದಕ್ಕಿಂತ ಹೆಚ್ಚಿನ ಬಲದಿಂದ ಕೆಳಗೆ ಎಳೆಯುತ್ತದೆ, ಅಲ್ಲಿ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಎಲ್ಲಿಯೇ ಆಗಲಿ, ಈ ತಿಂಗಳುಗಳಲ್ಲಿ ನೀರಿಗಿಳಿಯಬಾರದೆಂದು ಸೂಚನೆಯಿರುತ್ತದೆ. ಕೆಂಪು ಬಾವುಟ ಕಂಡಲ್ಲಿಂದ ಹಿಂದೆಯೇ ನಿಲ್ಲಿ. ಗಂಡುಮಕ್ಕಳನ್ನು ಹೆಚ್ಚು ಹಿಡಿಯಿರಿ.

ವಾಪಸು ಬರುವಾಗ ದಂಡೆಯಲ್ಲಿ ಅರ್ಧ ಗೋಡೆ ಮಾತ್ರ ಉಳಿದ ಮನೆಗಳನ್ನು ಕಂಡೆವು. ಕಡಲ್ಕೊರೆತ. ಪ್ರತಿ ಮಳೆಗಾಲವೂ ಅಲ್ಲಿ ಕಡಲು ಒಂದಿಷ್ಟು ನೆಲವನ್ನು, ತೆಂಗಿನಮರಗಳನ್ನು, ಯಾರದೋ ಅಡುಗೆಮನೆಯನ್ನು ಒಯ್ಯುತ್ತದೆ. ಬಂಡೆ ಸುರಿದಿದ್ದಾರೆ, ಕಡಲೊಳಗೆ ತಡೆಗೋಡೆ ಕಟ್ಟಿದ್ದಾರೆ. ಆದರೂ ಜೋರು ಗಾಳಿಯ ರಾತ್ರಿ ಆ ಮನೆಗಳವರಿಗೆ ನಿದ್ದೆಯಿಲ್ಲ. ಅಂಥ ಮನೆಗಳ ಮುಂದೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳುವುದು ಬೇಡ.

ಕೊನೆಯ ದಿನ ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ನಮ್ಮ ಮಾತು ಕೇಳಿ ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಯಾವೂರ್ರೀ ನಿಮ್ದು?" ಎಂದಳು. ಸುರಪುರ ತಾಲೂಕಿನ ಹಳ್ಳಿಯವಳು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಗುಳೆ ಬಂದವರು. ಮಳೆಗೆ ಕೆಲಸ ನಿಂತು ಎಂಟು ದಿನವಾಗಿತ್ತು. ನಾನು ಶಾಲೆಯಲ್ಲಿ ಕಲಿಸುತ್ತೇನೆಂದು ತಿಳಿದ ಮೇಲೆ "ಅಕ್ಕೋರೆ" ಎನ್ನತೊಡಗಿದಳು. ಮಂಗಳೂರಿಗೆ ಬಂದು ಎಷ್ಟು ದಿನವಾಯಿತೆಂದು ಕೇಳಿದೆ.

"ನಾಕ್ ವರ್ಷ ಆತ್ರೀ ಅಕ್ಕೋರೆ."

"ಸಮುದ್ರ ನೋಡೀಯೇನು?"

"ಇಲ್ರೀ. ಯಾವಾಗ ನೋಡಾದು? ಕೆಲಸಿದ್ದಾಗ ಕೆಲಸ, ಇಲ್ದಾಗ ಮಳಿ."

ನಮ್ಮ ಬಸ್ಸು ಇದ್ದದ್ದು ರಾತ್ರಿಗೆ. ತಂಗಿ ನನ್ನ ಮುಖ ನೋಡಿದಳು. ಆ ಹೆಂಗಸು, ಅವಳ ಇಬ್ಬರು ಮಕ್ಕಳು, ನಾವು, ಎಲ್ಲರೂ ಉಳ್ಳಾಲದ ಬಸ್ಸು ಹತ್ತಿದೆವು. ಛತ್ರಿಗಳು ಮೂರು, ತಲೆಗಳು ಏಳೆಂಟು. ದಂಡೆಯಿಂದ ದೂರ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತು ನೋಡಿದೆವು. ಕಡಲು, ಆಕಾಶ ಎರಡೂ ಒಂದೇ ಬೂದಿ ಬಣ್ಣ, ನಡುವೆ ಬಿಳಿ ಗೆರೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಾನು ಅತ್ತೆಯನ್ನು ನೆನೆಯುತ್ತಿದ್ದೆ.

"ಇಷ್ಟ್ ನೀರ ಅದ," ಎಂದಳು ಕೊನೆಗೆ. "ಎಲ್ಲಾ ಉಪ್ಪೇ ಏನ್ರೀ ಅಕ್ಕೋರೆ?"

ಎಲ್ಲಾ ಉಪ್ಪೇ ಎಂದೆ. ಅವಳ ಚಿಕ್ಕ ಮಗ ನಂಬಲಿಲ್ಲ. ಅಂಗಡಿಯವರನ್ನು ಕೇಳಿ ಖಚಿತಪಡಿಸಿಕೊಂಡ. ಮಳೆ ಮತ್ತೆ ಜೋರಾಯಿತು, ಬಸ್ಸು ಬಂತು, ಎಲ್ಲರೂ ಓಡಿದೆವು.